ಓಲೋಟ್‌ನ ಮೂವರು, ಬಳ್ಳಾರಿಯ ಒಂದು ತುಕ್ಕು ಗೋಡೆ

(ಬಳ್ಳಾರಿಯಲ್ಲಿ ಒಂದು ಭಾನುವಾರ ಸಂಜೆ ಆಡಿದ ಮಾತುಗಳಿವು. ಎದುರಿಗೆ ಸಿವಿಲ್ ಓದುವ ಹುಡುಗ ಹುಡುಗಿಯರು, ನಾಲ್ಕೈದು ಮಂದಿ ಮೇಸ್ತ್ರಿಗಳು, ಮನೆ ಕಟ್ಟಿಸಲು ಹೊರಟ ಕೆಲವರು ಇದ್ದರು. ಪರದೆಯ ಮೇಲೆ ತೋರಿಸಿದ ಚಿತ್ರಗಳನ್ನು ಇಲ್ಲಿ ಹಾಕಲು ಆಗಿಲ್ಲ, ಅದಕ್ಕೆ ಅಲ್ಲಲ್ಲಿ ಒಂದೆರಡು ಮಾತು ಹೆಚ್ಚು ಸೇರಿಸಿದ್ದೇನೆ. ಕರೆಂಟು ಹೋದಾಗ ಹೊಡೆದ ಹರಟೆಯನ್ನು ಬಿಟ್ಟಿದ್ದೇನೆ.)

ನಮಸ್ಕಾರ ರೀ ಎಲ್ಲರಿಗೂ.

ಮೊದಲಿಗೇ ಒಂದು ತಪ್ಪು ಒಪ್ಪಿಕೊಂಡುಬಿಡುತ್ತೇನೆ. ಈ ಊರಲ್ಲಿ ಪಡುವಣಕ್ಕೆ ಮುಖ ಮಾಡಿದ ಒಂದು ಗೋಡೆಯನ್ನು ನಾನು ಕೆಡಿಸಿದ್ದೇನೆ. 2018ರ ಮಾತು. ಬಟ್ಟೆ ವ್ಯಾಪಾರದವರೊಬ್ಬರು ಮನೆ ಕಟ್ಟಿಸುತ್ತಿದ್ದರು. "ಪ್ಲಾನ್ ಹೆಂಗರೆ ಇರ್ಲಿ, ಎಲಿವೇಷನ್ ಮಾತ್ರ ಓಣ್ಯಾಗ ಎದ್ದು ಕಾಣ್ಬೇಕು ನೋಡ್ರಿ" ಅಂದರು. ನನಗೂ ಅಷ್ಟೇ ಬೇಕಾಗಿತ್ತು. ಆಗ ಒಂದು ವರ್ಷದಿಂದ ನಾನು ಸ್ಪೇನ್ ದೇಶದ ಮೂವರು ಆರ್ಕಿಟೆಕ್ಟರ ಕೆಲಸದ ಗುಂಗಿನಲ್ಲಿದ್ದೆ. ಎಲ್ಲಿ ನೋಡಿದರೂ ತುಕ್ಕಿನ ಬಣ್ಣದ ಉಕ್ಕು. ಸಂಡೂರಿನ ಗುಡ್ಡದ ಬಣ್ಣವೇ ಅದು. ಅದಿರಿನ ಜಿಲ್ಲೆಗೆ ಇದಕ್ಕಿಂತ ಒಪ್ಪುವುದು ಇನ್ನೇನಿದೆ ಅಂದುಕೊಂಡೆ. ಫ್ಯಾಬ್ರಿಕೇಷನ್ ಶೆಡ್ಡಿನಿಂದ ಎರಡು ಎಂಎಂ ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಉಕ್ಕಿನ ಶೀಟು ತರಿಸಿದೆ. ಉಪ್ಪುನೀರು ಚಿಮುಕಿಸಿ ಬಿಸಿಲಿಗೆ ಒಡ್ಡಿ ತುಕ್ಕು ಹಿಡಿಸಿದೆ. ಪಡುವಣ ಗೋಡೆಗೆ ಹೊಡೆಸಿದೆ.

ಏಪ್ರಿಲ್‌ನಲ್ಲಿ ಆ ಗೋಡೆ ರೊಟ್ಟಿ ಹಂಚಾಯಿತು. ಅದರ ಹಿಂದಿನ ಕೋಣೆಯಲ್ಲಿ ರಾತ್ರಿ ಹತ್ತಾದರೂ ಮಲಗಲು ಆಗುತ್ತಿರಲಿಲ್ಲ. ಜೂನ್‌ನ ಮೊದಲ ಮಳೆಗೆ ಶೀಟಿನಿಂದ ಕೆಂಪು ನೀರು ಇಳಿದು, ಪಕ್ಕದ ಮನೆಯವರು ಆಗಷ್ಟೇ ಹಾಸಿದ್ದ ಬಿಳಿ ಮಾರ್ಬಲ್ ಮೆಟ್ಟಿಲ ಮೇಲೆ ಹರಿಯಿತು. ಯಜಮಾನರ ತಾಯಿ ನನ್ನನ್ನು ಕರೆಸಿ ಕೂಡಿಸಿ, ಚಹಾ ಕೊಟ್ಟು, "ವಾಸ್ತು ಶಾಂತಿ ಆಗಿ ಎರಡ್ ತಿಂಗ್ಳಾಗಿಲ್ಲ, ಮನಿಗಿ ಆಗ್ಲೇ ತುಕ್ ಹಿಡೀತಲ್ಲೋ ಯಪ್ಪಾ" ಅಂದರು. ಬೈದಿದ್ದರೆ ವಾಸಿ ಇತ್ತು. ಆಮೇಲೆ ಅವರು ಅದಕ್ಕೆ ಬೆಳ್ಳಿ ಬಣ್ಣ ಬಳಿಸಿದರು. ಇವತ್ತಿಗೂ ಆ ರಸ್ತೆಯಲ್ಲಿ ಹೋಗುವಾಗ ನನ್ನ ಬೈಕಿನ ವೇಗ ತಾನಾಗಿ ಹೆಚ್ಚುತ್ತದೆ.

ಆ ಮೂವರಿಂದ ನಾನು ಕದ್ದದ್ದು ತುಕ್ಕನ್ನು. ಕದಿಯಬೇಕಾಗಿದ್ದ ಮಾಲು ಬೇರೆಯೇ ಇತ್ತು. ಇವತ್ತು ಅದನ್ನು ನಿಮ್ಮ ಮುಂದೆ ಇಡುತ್ತೇನೆ.

ಅವರ ಸಂಸ್ಥೆಯ ಹೆಸರು ಆರ್‌ಸಿಆರ್. ದೊಡ್ಡ ಅರ್ಥವೇನೂ ಇಲ್ಲ. ರಫಾಯೆಲ್, ಕಾರ್ಮೆ, ರಮೋನ್, ಮೂರು ಹೆಸರುಗಳ ಮೊದಲಕ್ಷರ ಅಷ್ಟೆ. ರಫಾಯೆಲ್ ಅರಾಂದಾ ಹುಟ್ಟಿದ್ದು 1961ರಲ್ಲಿ, ಕಾರ್ಮೆ ಪಿಜೆಮ್ 1962ರಲ್ಲಿ, ಇಬ್ಬರೂ ಓಲೋಟ್ ಎಂಬ ಊರಿನವರು. ರಮೋನ್ ವಿಲಾಲ್ತಾ 1960ರಲ್ಲಿ ಹುಟ್ಟಿದ್ದು ಅದೇ ಸೀಮೆಯ ವಿಕ್ ಎಂಬ ಊರಲ್ಲಿ. ಮೂವರೂ ಬಾರ್ಸೆಲೋನಾ ಹತ್ತಿರದ ವಾಲ್ಯೆಸ್ ಆರ್ಕಿಟೆಕ್ಚರ್ ಶಾಲೆಯಲ್ಲಿ ಓದಿ 1987ರಲ್ಲಿ ಮುಗಿಸಿದರು. ಮರುವರ್ಷವೇ ಓಲೋಟ್‌ಗೆ ಬಂದು ಒಂದು ಆಫೀಸು ತೆರೆದರು. ರಮೋನ್ ಮತ್ತು ಕಾರ್ಮೆ ಗಂಡ ಹೆಂಡತಿ. ಅಂದಿನಿಂದ ಇಂದಿನವರೆಗೆ ಅದೇ ಊರು, ಅದೇ ಮೂವರು. 2017ರ ಮಾರ್ಚ್ 1ರಂದು ಆ ವರ್ಷದ ಪ್ರಿಟ್ಜ್‌ಕರ್ ಪ್ರಶಸ್ತಿ ಇವರಿಗೆ ಎಂದು ಪ್ರಕಟವಾಯಿತು. ಕಟ್ಟಡದವರ ಪಾಲಿಗೆ ಅದು ನೊಬೆಲ್ ಇದ್ದಂತೆ, 1979ರಿಂದ ಕೊಡುತ್ತಿದ್ದಾರೆ. ಸ್ಪೇನ್‌ಗೆ ಅದಕ್ಕೂ ಮೊದಲು ಬಂದದ್ದು ಒಂದೇ ಸಲ, 1996ರಲ್ಲಿ, ರಫಾಯೆಲ್ ಮೊನೇಯೋ ಅವರಿಗೆ. 2017ರ ತೀರ್ಪುಗಾರರಲ್ಲಿ ನಮ್ಮ ರತನ್ ಟಾಟಾ ಕೂಡ ಇದ್ದರು. ಟಾಟಾ ಓದಿದ್ದು ಆರ್ಕಿಟೆಕ್ಚರ್ ಅಂತ ಬಹಳ ಮಂದಿಗೆ ಗೊತ್ತಿಲ್ಲ, ಅದಕ್ಕೇ ಹೇಳಿದೆ.

ನಾನು ಓಲೋಟ್‌ಗೆ ಹೋಗಿಲ್ಲ. ಡ್ರಾಯಿಂಗು, ಫೋಟೋ, ವಿಡಿಯೋ ನೋಡಿ ಮಾತಾಡುತ್ತಿದ್ದೇನೆ. ನಮ್ಮ ದಂಧೆಯಲ್ಲಿ ಇದನ್ನು ಹೇಳಿಬಿಡುವುದು ಒಳ್ಳೆಯದು. ಎಷ್ಟೋ ಮಂದಿ ಹಂಪಿ ನೋಡದೆಯೂ ವಿಜಯನಗರ ಶೈಲಿಯ ರೆಸಾರ್ಟ್ ಕಟ್ಟಿಬಿಟ್ಟಿದ್ದಾರೆ.

ಊರಿನ ಬಗ್ಗೆ ಸ್ವಲ್ಪ ಹೇಳುತ್ತೇನೆ, ಯಾಕೆಂದರೆ ಈ ಮೂವರ ಹಿನ್ನೆಲೆ ಅಂದರೆ ಆ ಊರೇ. ಓಲೋಟ್ ಇರುವುದು ಸ್ಪೇನಿನ ಕ್ಯಾಟಲೋನಿಯಾದಲ್ಲಿ, ಬಾರ್ಸೆಲೋನಾದಿಂದ ಸುಮಾರು ಎರಡು ಗಂಟೆಯ ದಾರಿ. ಜನಸಂಖ್ಯೆ 35,000ದ ಆಸುಪಾಸು. ಕೊಪ್ಪಳ ಪಟ್ಟಣದ ಅರ್ಧ ಅಂದುಕೊಳ್ಳಿ. ಸುತ್ತ ಜ್ವಾಲಾಮುಖಿಗಳು, ಸುಮಾರು 40. ಹೆದರಬೇಡಿ, ಎಲ್ಲವೂ ಮಲಗಿವೆ. ಕೊನೆಯದು ಎದ್ದದ್ದು ಹತ್ತಾರು ಶತಮಾನಗಳ ಹಿಂದೆ. ನಮಗೆ ಊರ ನಡುವೆ ಏಕಶಿಲೆಯ ಗುಡ್ಡ, ಅದರ ಮೇಲೆ ಕೋಟೆ ಇರುವ ಹಾಗೆ ಅವರಿಗೆ ಊರಲ್ಲೇ ಒಂದು ಜ್ವಾಲಾಮುಖಿಯ ಬಾಯಿ, ಅದರ ಅಂಚಿನಲ್ಲಿ ಒಂದು ಚರ್ಚು. ನೆಲ ಅಗೆದರೆ ಕಪ್ಪು ಬಸಾಲ್ಟ್ ಕಲ್ಲು. ನಮ್ಮ ಸಂಗನಕಲ್ಲು ಗುಡ್ಡದಲ್ಲಿ ಬಡಿದರೆ ಗಂಟೆಯಂತೆ ದನಿ ಬರುವ ಕರಿಕಲ್ಲು ಇದೆಯಲ್ಲ, ಡಾಲರೈಟ್, ಅದರ ದಾಯಾದಿ ಈ ಬಸಾಲ್ಟ್. ಎರಡೂ ಒಂದೇ ಬೆಂಕಿಯ ಮಕ್ಕಳು. ಒಂದು ನೆಲದ ಮೇಲೆ ಹರಿದು ಆರಿತು, ಇನ್ನೊಂದು ನೆಲದೊಳಗೇ ಆರಿತು.

ಇನ್ನೊಂದು ಸಂಗತಿ. ಆ ಚಿಕ್ಕ ಊರಲ್ಲಿ 1783ರಲ್ಲೇ ಒಂದು ಚಿತ್ರಕಲೆಯ ಶಾಲೆ ಶುರುವಾಗಿತ್ತು. 19ನೇ ಶತಮಾನದಲ್ಲಿ ಅಲ್ಲಿನ ಹೊಲ, ಕಾಡು, ಮಂಜು ಬಿಡಿಸುವ ಚಿತ್ರಕಾರರ ಒಂದು ಪರಂಪರೆಯೇ ಬೆಳೆಯಿತು. 1880ರಲ್ಲಿ ಅದೇ ಊರಲ್ಲಿ ಸಂತರ ಮೂರ್ತಿ ಮಾಡುವ ಕಾರ್ಖಾನೆ ಹುಟ್ಟಿತು, ಅಲ್ಲಿಂದ ಮೂರ್ತಿಗಳು ದೇಶ ವಿದೇಶದ ಚರ್ಚುಗಳಿಗೆ ಹೋದವು. ನಮ್ಮ ಕಿನ್ನಾಳವನ್ನು ನೆನಪಿಸಿಕೊಳ್ಳಿ. ಹಗುರ ಮರ, ಹುಣಸೆ ಬೀಜದ ಅಂಟು, ಬಣ್ಣ, ಮನೆಮಂದಿಯೆಲ್ಲ ಕೂತು ದೇವರನ್ನು ಮಾಡುವ ಊರು. ಓಲೋಟ್ ಅಂದರೆ ಕಿನ್ನಾಳಕ್ಕೆ ಒಂದು ಚಿತ್ರಶಾಲೆ ಕೂಡಿದ ಹಾಗೆ. ಅಂಥ ಊರಲ್ಲಿ ಹುಟ್ಟಿದ ಮಕ್ಕಳು ಇವರು. ಇವತ್ತಿಗೂ ಕಟ್ಟಡದ ಮೊದಲ ಕರಡನ್ನು ಕುಂಚ ಅದ್ದಿ, ಶಾಯಿ ನೀರು ಹರಿಸಿ ಬಿಡಿಸುತ್ತಾರೆ. ಕಂಪ್ಯೂಟರು ಆಮೇಲೆ.

1988 ಅಂದರೆ ಸ್ಪೇನ್‌ನಲ್ಲಿ ಎಂಥ ಕಾಲ? ಸರ್ವಾಧಿಕಾರಿ ಫ್ರಾಂಕೋ ಸತ್ತದ್ದು 1975ರಲ್ಲಿ. 1979ರಲ್ಲಿ ಊರೂರಿಗೆ ನಗರಸಭೆ ಚುನಾವಣೆ ನಡೆಯಿತು. 1986ರಲ್ಲಿ ದೇಶ ಯುರೋಪಿನ ಒಕ್ಕೂಟ ಸೇರಿತು. ಹೊಸದಾಗಿ ಗೆದ್ದ ನಗರಸಭೆಗಳಿಗೆ ಗ್ರಂಥಾಲಯ, ಆಟದ ಮೈದಾನ, ಶಿಶುವಿಹಾರ ಎಲ್ಲ ಬೇಕಾಗಿದ್ದವು, ಕೈಯಲ್ಲಿ ಸ್ವಲ್ಪ ಹಣವೂ ಇತ್ತು. ಕೆಲಸವನ್ನು ಸ್ಪರ್ಧೆ ಕರೆದು ಕೊಡುವ ರೂಢಿ ಬಂತು. ಆಗಷ್ಟೇ ಕಾಲೇಜು ಬಿಟ್ಟವರೂ ಡ್ರಾಯಿಂಗ್ ಕಳಿಸಬಹುದಿತ್ತು. ಈ ಮೂವರು 1988ರಲ್ಲೇ ಹಡಗುಗಳಿಗೆ ದಾರಿ ತೋರಿಸುವ ಒಂದು ದೀಪಸ್ತಂಭದ (ಲೈಟ್‌ಹೌಸ್) ಸ್ಪರ್ಧೆ ಗೆದ್ದರು. 1992ಕ್ಕೆ ಬಾರ್ಸೆಲೋನಾದಲ್ಲಿ ಒಲಿಂಪಿಕ್ಸ್ ಬರುವುದಿತ್ತು. ಅಲ್ಲಿನ ಆರ್ಕಿಟೆಕ್ಟರಿಗೆ ಉಸಿರಾಡಲು ಬಿಡುವಿಲ್ಲದಷ್ಟು ಕೆಲಸ. ಇವರು ಅದನ್ನು ಬಿಟ್ಟು ಹಸುವಿನ ಹಟ್ಟಿ, ಹೊಲ, ಮಂಜು ಇರುವ ಊರಿಗೆ ಬಂದು ಕೂತರು. 1989ರಿಂದ ಅಲ್ಲಿನ ಜ್ವಾಲಾಮುಖಿ ಉದ್ಯಾನಕ್ಕೆ ಸಲಹೆಗಾರರಾದರು. ಅಂದರೆ ಯಾವ ಗುಡ್ಡದ ಬುಡದಲ್ಲಿ ಏನು ಕಟ್ಟಬಹುದು, ಏನು ಕಟ್ಟಬಾರದು ಅಂತ ಊರೆಲ್ಲ ಸುತ್ತಿ ನೋಡುವ ಕೆಲಸ. ನನಗೆ ಅನಿಸುವಂತೆ ಅವರ ನಿಜವಾದ ಕಾಲೇಜು ಅದೇ.

ಅವರ ಪ್ರತಿಭೆಯನ್ನಷ್ಟೇ ಹೊಗಳಿ, ಕೆಲಸ ಕೊಟ್ಟ ನಗರಸಭೆಯನ್ನು ಮರೆತರೆ ಅರ್ಧ ಕತೆ ಹೇಳಿದಂತೆ. ನಮ್ಮಲ್ಲಿ ಒಂದು ಉದ್ಯಾನದ ಗೇಟು ಮಾಡುವುದಕ್ಕೂ ಟೆಂಡರ್ ಆಗುತ್ತದೆ, ಡ್ರಾಯಿಂಗ್ ಯಾರದು ಅಂತ ಕೇಳಿದರೆ ಯಾರಿಗೂ ಗೊತ್ತಿರುವುದಿಲ್ಲ. ಹೋಗಲಿ ಬಿಡಿ.

ಈಗ ಒಂದು ಕೆಲಸವನ್ನು ಹತ್ತಿರದಿಂದ ನೋಡೋಣ. ಓಲೋಟ್‌ನ ಟೋಸೋಲ್ಸ್-ಬಸೀಲ್ ಓಟದ ಮೈದಾನ. ಇದರ ಟ್ರ್ಯಾಕು ಮುಗಿದದ್ದು 2000ದಲ್ಲಿ.

ಜಾಗ ಊರಂಚಿನ ಓಕ್ ಕಾಡು. ಒಳಗೆ ಹಿಂದೆ ಉಳುಮೆ ಮಾಡುತ್ತಿದ್ದ ಎರಡು ಬಯಲು. ಅಲ್ಲಿ 400 ಮೀಟರ್‌ನ ಟ್ರ್ಯಾಕ್ ಬೇಕು. ಟ್ರ್ಯಾಕಿನ ಅಳತೆ ಜಗ್ಗುವುದಿಲ್ಲ, ಎಲ್ಲ ದೇಶದಲ್ಲೂ ಒಂದೇ. ಜೆಸಿಬಿ ತರಿಸಿ, ಮರ ಕಡಿದು, ನೆಲ ಸಪಾಟು ಮಾಡಿ ಹಾಸಿಬಿಡುವುದು ಸುಲಭದ ದಾರಿ. ಮರ ಕಡಿಯಬಾರದು ಅಂತ ಪರಿಸರದವರ ತಕರಾರು ಇತ್ತು. ಇವರು ಟ್ರ್ಯಾಕನ್ನು ಬಯಲಿಗೆ ಹೊಂದಿಸಿ ಇಟ್ಟರು, ಮರಗಳನ್ನು ಇದ್ದಲ್ಲೇ ಬಿಟ್ಟರು. ಟ್ರ್ಯಾಕಿನ ಒಳಗಡೆಯೂ ಮರಗಳಿವೆ. ಓಡುವವನು ಕಾಣುತ್ತಾನೆ, ಮರದ ಹಿಂದೆ ಮಾಯವಾಗುತ್ತಾನೆ, ಮತ್ತೆ ಕಾಣುತ್ತಾನೆ. ಕೂರಲು ಗ್ಯಾಲರಿ ಕಟ್ಟಿಲ್ಲ. ನೆಲದ ಇಳಿಜಾರನ್ನೇ ಮೆಟ್ಟಿಲು ಮೆಟ್ಟಿಲಾಗಿ ತಿದ್ದಿದ್ದಾರೆ, ಮರಗಳ ನಡುವೆ ಎಲ್ಲಿ ಬೇಕಾದರೂ ಕೂರಬಹುದು. ಕಟ್ಟಡ ಅಂತ ಇರುವುದು ಚಿಕ್ಕದೊಂದು ಮಂಟಪ. ತುಕ್ಕಿನ ಬಣ್ಣದ ಎರಡು ಉಕ್ಕಿನ ಪೆಟ್ಟಿಗೆ, ಮೇಲೆ ಒಂದು ತೆಳು ಚಾವಣಿ. ದೀಪದ ಕಂಬಗಳು ತೆಳ್ಳಗೆ ಮರಗಳ ನಡುವೆ ಸೇರಿಹೋಗಿವೆ.

ಟಿವಿಯವರು ಓಟ ತೋರಿಸಬೇಕಾದರೆ ಈ ಮೈದಾನ ಬಹಳ ಕೆಟ್ಟದ್ದು. ಕ್ಯಾಮರಾಗೆ ಮರ ಅಡ್ಡ ಬರುತ್ತದೆ. ಆದರೆ ದಿನಾ ಬೆಳಗ್ಗೆ ಓಡಲು ಬರುವ ಊರ ಹುಡುಗಿಗೆ? ಮೈದಾನ ಯಾರಿಗೆ ಬೇಕು ಅನ್ನುವ ಪ್ರಶ್ನೆಯನ್ನು ಅವರು ಮೊದಲು ಕೇಳಿಕೊಂಡರು, ರೂಪ ಆಮೇಲೆ ಬಂತು. ನನ್ನ ಬೆಳ್ಳಿ ಗೋಡೆಯ ವಿಷಯದಲ್ಲಿ ನಾನು ಕೇಳದೇ ಹೋದದ್ದು ಇದನ್ನೇ. ಆ ಗೋಡೆಯ ಹಿಂದೆ ಮಲಗುವವರು ಯಾರು ಅಂತ.

ಇನ್ನೊಂದು ಕೆಲಸ ಬಾರ್ಸೆಲೋನಾದ ನಟ್ಟನಡುವೆ ಇದೆ, 2007ರದು. ಸಾಂತ್ ಅಂತೋನಿ ಬಡಾವಣೆಯ ಗ್ರಂಥಾಲಯ. ಬಾರ್ಸೆಲೋನಾದ ಆ ಭಾಗ ಚೌಕ ಚೌಕದ ಬಡಾವಣೆ. 19ನೇ ಶತಮಾನದಲ್ಲಿ ಅದನ್ನು ಯೋಜಿಸಿದ ಸೆರ್ದಾ ಎಂಬ ಎಂಜಿನಿಯರು ಪ್ರತಿ ಚೌಕದ ನಡುವೆ ತೋಟ ಇರಲಿ ಅಂದಿದ್ದ. ಜಾಗಕ್ಕೆ ಬೆಲೆ ಬಂದಮೇಲೆ ತೋಟ ಎಲ್ಲಿ ಉಳಿಯುತ್ತದೆ, ಕಾರ್ಖಾನೆ, ಗೋದಾಮುಗಳೇ ತುಂಬಿದವು. ನಮ್ಮ ಬಡಾವಣೆ ನಕ್ಷೆಗಳಲ್ಲಿ ಪಾರ್ಕ್ ಅಂತ ಹಸಿರು ಬಣ್ಣ ಬಳಿದ ಜಾಗಗಳು ಆಮೇಲೆ ಏನಾಗುತ್ತವೆ ನಿಮಗೆ ಗೊತ್ತಲ್ಲ. ಅಂಥ ಒಂದು ಚೌಕವನ್ನು ನಗರಸಭೆ ಬಿಡಿಸಿಕೊಂಡು ಗ್ರಂಥಾಲಯ ಬೇಕು, ವಯಸ್ಸಾದವರಿಗೆ ಒಂದು ಕೇಂದ್ರ ಬೇಕು, ತೋಟವೂ ಬೇಕು ಅಂತು. ಇವರು ಗ್ರಂಥಾಲಯವನ್ನು ರಸ್ತೆಯ ಕಡೆಗೆ ಒಂದು ಅಗಸಿ ಬಾಗಿಲಿನ ಹಾಗೆ ನಿಲ್ಲಿಸಿದರು. ಅದರ ಕೆಳಗಿನಿಂದ ಹಾದರೆ ಒಳಗೆ ಅಂಗಳ, ಮಕ್ಕಳ ಆಟದ ಜಾಗ. ಆಚೆ ಬದಿಗೆ ಹಿರಿಯರ ಮನೆ. ಹಳೆ ಕಾರ್ಖಾನೆಯ ಇಟ್ಟಿಗೆ ಚಿಮಣಿಯನ್ನು ಕೆಡವದೆ ಅಂಗಳದಲ್ಲೇ ಉಳಿಸಿಕೊಂಡರು. ಪುಸ್ತಕ ಓದುವವನಿಗೆ ಮಕ್ಕಳು ಕಾಣುತ್ತಾರೆ, ಮಕ್ಕಳಿಗೆ ಅಜ್ಜಂದಿರು ಕಾಣುತ್ತಾರೆ. ನಮ್ಮ ಊರುಗಳ ವಾಡೆಗಳಿಗೆ ಇದು ಹೊಸದೇನೂ ಅಲ್ಲ. ಅಗಸಿ, ಅಂಗಳ, ಕಟ್ಟೆ, ಕಟ್ಟೆಯ ಮೇಲೆ ಮುದುಕರು. ಇದನ್ನು ನಾವು ಹಳೇದು ಅಂತ ಬಿಟ್ಟೆವು, ಅವರು ಉಕ್ಕು ಗಾಜಿನಲ್ಲಿ ಮತ್ತೆ ಕಟ್ಟಿದರು.

ಬೇಗ ಬೇಗ ಇನ್ನೊಂದೆರಡು. ಓಲೋಟ್ ಪಕ್ಕದಲ್ಲಿ ಪೆದ್ರ ತೋಸ್ಕ ಎಂಬ ಕಲ್ಲಿನ ಉದ್ಯಾನ, 2004ರದು. ಲಾವಾ ಹರಿದು ಗಟ್ಟಿಯಾದ ಬರಡು ನೆಲದಲ್ಲಿ ರೈತರು ಕಲ್ಲು ಆಯ್ದು ಆಯ್ದು ಒಡ್ಡು ಹಾಕಿ, ನಡುವೆ ಅಂಗೈಯಷ್ಟು ಹೊಲ ಮಾಡಿಕೊಂಡಿದ್ದ ಜಾಗ ಅದು. ನಮ್ಮ ಮಸಬು ಹೊಲದ ಬದುವಿನ ಮೇಲೆ ಕಲ್ಲುಗುಪ್ಪೆ ಇರುತ್ತದಲ್ಲ, ಹಾಗೆ. ಆ ಗುಪ್ಪೆಗಳ ನಡುವೆ ಉಕ್ಕಿನ ಹಲಗೆ ನಿಲ್ಲಿಸಿ ಒಂದು ಕಿರಿದಾದ ದಾರಿ ಬಿಡಿಸಿದ್ದಾರೆ, ಅಷ್ಟೇ ಕೆಲಸ. ಪಲಮೋಸ್‌ನ ದ್ರಾಕ್ಷಾರಸದ ನೆಲಮಾಳಿಗೆ, ಅದೂ 2007ರದು, ಪೂರ್ತಿ ಭೂಮಿಯೊಳಗಿದೆ. ಮೇಲಿಂದ ನೋಡಿದರೆ ದ್ರಾಕ್ಷಿ ತೋಟ ಮಾತ್ರ. ಉಕ್ಕಿನ ಹಲಗೆಗಳ ಸಂದಿಯಿಂದ ಬೆಳಕು ಇಳಿಯುತ್ತದೆ.

ಆಮೇಲೆ ಲೆಸ್ ಕೋಲ್ಸ್. ಓಲೋಟ್‌ನಲ್ಲಿ ಒಬ್ಬ ಅಡುಗೆಯಾಕೆ ತಾನು ಹುಟ್ಟಿದ ಹಳೆ ತೋಟದ ಮನೆಯನ್ನೇ ಹೋಟೆಲ್ ಮಾಡಿದ್ದಾರೆ. ಅಲ್ಲಿ ಮದುವೆಗೆ ಒಂದು ಜಾಗ ಬೇಕಾಯಿತು. 2011ರಲ್ಲಿ ಇವರು ಮಾಡಿದ್ದು ನಾವು ಹೇಳುವ ಹಂದರ. ನೆಲವನ್ನು ತಗ್ಗು ಮಾಡಿ, ಎರಡೂ ಬದಿಗೆ ಜ್ವಾಲಾಮುಖಿ ಕಲ್ಲಿನ ಗೋಡೆ ಕಟ್ಟಿ, ಆ ದಡದಿಂದ ಈ ದಡಕ್ಕೆ ತೆಳು ಉಕ್ಕಿನ ಕೊಳವೆಗಳನ್ನು ಬಟ್ಟೆ ಒಣಹಾಕುವ ಹಗ್ಗ ಜೋತುಬಿದ್ದ ಹಾಗೆ ಇಳಿಬಿಟ್ಟರು. ಮೇಲೆ ಪಾರದರ್ಶಕ ಹಾಳೆ. ಮಳೆ ಬಂದರೆ ನೆನೆಯುವುದಿಲ್ಲ, ಆಕಾಶ ತಪ್ಪುವುದಿಲ್ಲ. ಶಾಮಿಯಾನ ಕಟ್ಟುವ ನಮ್ಮ ಹುಡುಗರಿಗೆ ಈ ಚಿತ್ರ ತೋರಿಸಿದರೆ ಲೆಕ್ಕ ಕೂಡಲೇ ಅರ್ಥವಾಗುತ್ತದೆ. ಎಂಜಿನಿಯರಿಂಗ್ ಹುಡುಗರಿಗೆ ಸ್ವಲ್ಪ ತಡವಾಗಬಹುದು, ಕ್ಷಮಿಸಿ.

ಅವರದ್ದೆಲ್ಲ ನನಗೆ ಹಿಡಿಸುತ್ತದೆ ಅಂತಲ್ಲ. ಕೆಲವು ಕಡೆ ಒಳಗೆ ಕತ್ತಲೆ ಜಾಸ್ತಿ ಅನಿಸುತ್ತದೆ. ಎಲ್ಲ ಕಪ್ಪು ಉಕ್ಕು, ಕಪ್ಪು ಕಲ್ಲು, ಮಾತಾಡಲು ಹೆದರಿಕೆಯಾಗುವಷ್ಟು ಗಂಭೀರ. ಫ್ರಾನ್ಸಿನ ರೊದೇಸ್‌ನಲ್ಲಿ 2014ರಲ್ಲಿ ಸುಲಾಜ್ ಎಂಬ ಚಿತ್ರಕಾರನ ಮ್ಯೂಸಿಯಂ ಕಟ್ಟಿದರು. ಆತ ಬದುಕಿನ ಬಹುಪಾಲು ಕಪ್ಪು ಬಣ್ಣದಲ್ಲೇ ಚಿತ್ರ ಬರೆದವನು, ಅಲ್ಲಿಗೆ ಅದು ಸರಿ. ಶಾದಿ ಮಹಲಿಗೆ ಆಗುವುದಿಲ್ಲ.

ಈಗ ಹೆಸರಿನ ವಿಷಯಕ್ಕೆ ಬರುತ್ತೇನೆ. ನನ್ನ ಪ್ರಕಾರ ಇವರಿಂದ ಕಲಿಯಬೇಕಾದ ಕಷ್ಟದ ಪಾಠ ಇದು.

ಪ್ರಿಟ್ಜ್‌ಕರ್ ಪ್ರಶಸ್ತಿ ಮೂವರಿಗೆ ಒಟ್ಟಿಗೆ ಹೋದದ್ದು 2017ರಲ್ಲೇ ಮೊದಲು. ಅದಕ್ಕೂ ಹಿಂದೆ ಇಬ್ಬರಿಗೆ ಕೊಟ್ಟದ್ದು ಇದೆ, ಆದರೆ ಆ ಪ್ರಶಸ್ತಿಯ ಕಣ್ಣು ಯಾವಾಗಲೂ ಒಬ್ಬ ಹೀರೋನನ್ನೇ ಹುಡುಕುತ್ತಿತ್ತು. 1991ರಲ್ಲಿ ಅಮೆರಿಕದ ರಾಬರ್ಟ್ ವೆಂಚುರಿಗೆ ಕೊಟ್ಟರು. ಆತನ ಹೆಂಡತಿ ಡೆನಿಸ್ ಸ್ಕಾಟ್ ಬ್ರೌನ್ ಅದೇ ಆಫೀಸಿನಲ್ಲಿ ಸಮಪಾಲು ಕೆಲಸ ಮಾಡಿದವಳು, ಅವಳನ್ನು ಬಿಟ್ಟರು. 2013ರಲ್ಲಿ ವಿದ್ಯಾರ್ಥಿನಿಯರು ಸಹಿ ಸಂಗ್ರಹಿಸಿ, ತಪ್ಪು ತಿದ್ದಿಕೊಳ್ಳಿ ಅಂತ ಕೇಳಿದರು. ಸಾವಿರಾರು ಜನ ಸಹಿ ಹಾಕಿದರು, ಸ್ವತಃ ವೆಂಚುರಿಯೂ ಹಾಕಿದ. ಆಗುವುದಿಲ್ಲ ಅಂದರು. 2012ರಲ್ಲಿ ಚೀನಾದ ವಾಂಗ್ ಶೂಗೆ ಕೊಟ್ಟಾಗಲೂ ಜೊತೆಗೇ ಆಫೀಸು ನಡೆಸುವ ಹೆಂಡತಿ ಲು ವೆನ್ಯೂ ಹೆಸರು ಬರಲಿಲ್ಲ. ಆಮೇಲೆ ಐದು ವರ್ಷಕ್ಕೆ ಓಲೋಟ್‌ನ ಮೂವರು. ಇದು ಯಾರ ಐಡಿಯಾ ಅಂತ ಕೇಳಿದರೆ ಅವರ ಬಳಿ ಉತ್ತರವಿಲ್ಲ, ಆ ಪ್ರಶ್ನೆಯನ್ನೇ ಅವರು ಒಪ್ಪುವುದಿಲ್ಲ. ಒಬ್ಬರು ಆಡಿದ ಮಾತನ್ನು ಇನ್ನೊಬ್ಬರು ಮುಂದುವರಿಸಿ, ಮೂರನೆಯವರು ತಿದ್ದಿ ಕಟ್ಟಡ ಆಗುತ್ತದೆ ಎನ್ನುತ್ತಾರೆ. ಅವರ ಆಫೀಸು ಇರುವುದು 20ನೇ ಶತಮಾನದ ಆರಂಭದ ಒಂದು ಲೋಹದ ಎರಕದ ಕಾರ್ಖಾನೆಯಲ್ಲಿ. ಮಸಿ ಹಿಡಿದ ಹಳೆ ಗೋಡೆಗಳನ್ನು ಹಾಗೇ ಬಿಟ್ಟುಕೊಂಡಿದ್ದಾರೆ.

ನಮ್ಮಲ್ಲಿ ಇಬ್ಬರು ಗೆಳೆಯರು ಕೂಡಿ ಆಫೀಸು ತೆರೆದರೆ ಮೂರನೇ ವರ್ಷಕ್ಕೆ ಎರಡು ಬೋರ್ಡು ಆಗುತ್ತವೆ. ನನ್ನದೂ ಆಗಿದೆ.

ರಾಯಚೂರಿನ ಕೋಟೆ ನೋಡಿದವರು ಕೈ ಎತ್ತಿ. ಪರವಾಗಿಲ್ಲ, ಬಹಳ ಮಂದಿ ಇದ್ದೀರಿ. ಆ ಕೋಟೆಯ ಗೋಡೆಯಲ್ಲಿ 41 ಅಡಿ ಉದ್ದದ ಒಂದು ಕಲ್ಲಿದೆ. ಅದರ ಮೇಲೆ 1294ರ ಶಾಸನ, ಕಾಕತೀಯರ ಕಾಲದ್ದು. ಕೋಟೆ ಕಟ್ಟಿಸಿದ ದೊಡ್ಡವರ ಹೆಸರು ಅಕ್ಷರದಲ್ಲಿದೆ. ಅದರ ಜೊತೆಗೆ ಒಂದು ರೇಖಾಚಿತ್ರವನ್ನೂ ಕೆತ್ತಿದ್ದಾರೆ. ಆ ಕಲ್ಲನ್ನೇ ಬಂಡಿಯ ಮೇಲೆ ಹೇರಿ, ಸಾಲು ಸಾಲು ಎತ್ತು ಕೋಣ ಹೂಡಿ ಎಳೆದು ತಂದ ಚಿತ್ರ. ಎಳೆದವರಿಗೆ ಅಕ್ಷರದಲ್ಲಿ ಹೆಸರು ಸಿಗಲಿಲ್ಲ, ಗೆರೆಯಲ್ಲಿ ಜಾಗ ಸಿಕ್ಕಿತು. ಯಾರೋ ಒಬ್ಬ ಕಲ್ಲುಕುಟಿಗನಿಗೆ ಇದನ್ನೂ ಕೆತ್ತಬೇಕು ಅನಿಸಿತಲ್ಲ! ನಮ್ಮ ಕಾಲದ ಗ್ರಾನೈಟ್ ಉದ್ಘಾಟನಾ ಫಲಕಗಳಲ್ಲಿ ಹತ್ತು ಹದಿನೈದು ಹೆಸರಿರುತ್ತವೆ, ಅದರಲ್ಲಿ ಕಟ್ಟಿದವನದು ಒಂದೂ ಇರುವುದಿಲ್ಲ, ಗೆರೆಯಲ್ಲೂ ಇರುವುದಿಲ್ಲ.

ಇನ್ನು ನನ್ನ ತುಕ್ಕಿನ ಪೋಸ್ಟ್ ಮಾರ್ಟಂ. ಅವರು ಬಳಸುವುದು ಕಾರ್ಟೆನ್ ಎಂಬ ಉಕ್ಕು. ಅದರಲ್ಲಿ ತಾಮ್ರ, ಕ್ರೋಮಿಯಂ, ನಿಕ್ಕಲ್, ಸ್ವಲ್ಪ ರಂಜಕ ಸೇರಿರುತ್ತದೆ. ಮಳೆಗೆ ನೆನೆದು ಬಿಸಿಲಿಗೆ ಒಣಗಿ, ನೆನೆದು ಒಣಗಿ, ಮೊದಲ ತುಕ್ಕೇ ಮೈಗಂಟಿ ದಟ್ಟ ಚರ್ಮದ ಹಾಗೆ ಆಗಿ ಒಳಗಿನ ಉಕ್ಕನ್ನು ಕಾಯುತ್ತದೆ. ಮಾಮೂಲಿ ಉಕ್ಕಿನ ತುಕ್ಕು ಹಾಗಲ್ಲ. ಪದರ ಪದರವಾಗಿ ಉದುರುತ್ತದೆ, ಉದುರಿದಷ್ಟೂ ಒಳಗೆ ತಿನ್ನುತ್ತದೆ. ನಾನಂತೂ ಉಪ್ಪು ಬೇರೆ ಹಾಕಿದ್ದೆ. ಉಪ್ಪು ಇದ್ದಲ್ಲಿ ಕಾರ್ಟೆನ್‌ನ ಚರ್ಮವೂ ಗಟ್ಟಿಯಾಗುವುದಿಲ್ಲ. ಆ ಉಕ್ಕಿನಿಂದಲೂ ಮೊದಲ ಕೆಲವು ಮಳೆಗಾಲ ಕೆಂಪು ನೀರು ಇಳಿಯುತ್ತದೆ, ಅದಕ್ಕೆ ಕೆಳಗೆ ಜಲ್ಲಿ ಹಾಸಿಯೋ ಕಾಲುವೆ ಮಾಡಿಯೋ ದಾರಿ ತೋರಿಸಿರುತ್ತಾರೆ. ನಾನು ತೋರಿಸಿದ್ದು ಪಕ್ಕದವರ ಮಾರ್ಬಲ್‌ಗೆ.

ಅದಕ್ಕಿಂತ ದೊಡ್ಡ ತಪ್ಪು ಹವೆಯದು. ಓಲೋಟ್‌ನಲ್ಲಿ ಮಳೆ, ಮಂಜು, ಚಳಿ. ಬಳ್ಳಾರಿಯಲ್ಲಿ ಏಪ್ರಿಲ್ ಮೇ ಅಂದರೆ 40 ಡಿಗ್ರಿ ದಾಟಿದ ಬಿಸಿಲು. ಇಲ್ಲಿ ತೆಳು ಲೋಹವನ್ನು ಪಡುವಣ ಬಿಸಿಲಿಗೆ ಒಡ್ಡುವವನನ್ನು ಏನನ್ನಬೇಕು? ಈ ಸೀಮೆಯ ಬಿಸಿಲಿಗೆ ಉತ್ತರ ಏನು ಅಂತ ನನಗೆ ಗೊತ್ತಿತ್ತು, ನಾನು ಬೇಸಿಗೆ ರಜೆ ಕಳೆದದ್ದೇ ಅದರೊಳಗೆ. ಕುಕನೂರು ಕಡೆ ನಮ್ಮ ಅಜ್ಜಿಯ ಮಾಳಿಗೆ ಮನೆ. ಎರಡು ಮೊಳ ದಪ್ಪದ ಕಲ್ಲು ಮಣ್ಣಿನ ಗೋಡೆ. ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಬಂದರಿಕೆ ಸೊಪ್ಪು, ಅದರ ಮೇಲೆ ಮಣ್ಣು, ಕೊನೆಗೆ ಸವಳು ಮಣ್ಣಿನ ಪದರ. ಹೊಲಕ್ಕೆ ಕೆಟ್ಟದ್ದಾದ ಸವಳು ಮಾಳಿಗೆಗೆ ಬಂಗಾರ. ಅದರಲ್ಲಿರುವ ಸೋಡಿಯಂನಿಂದಾಗಿ ನೀರು ತಾಗಿದ ಕೂಡಲೇ ಜೇಡಿಯ ಕಣಗಳು ಬಿಡಿಬಿಡಿಯಾಗಿ ಹರಡಿ ಸಂದುಗಳನ್ನು ಮುಚ್ಚಿಬಿಡುತ್ತವೆ, ನೀರು ಕೆಳಗೆ ಇಳಿಯುವುದಿಲ್ಲ. ನಡುಮನೆಯ ಮೇಲೆ ಒಂದು ಬೆಳಕಿಂಡಿ, ಮಳೆ ಬಂದರೆ ಮಾಳಿಗೆ ಹತ್ತಿ ಅದರ ಮೇಲೆ ಹಳೆ ಬೋಗುಣಿ ಬೋರಲು ಹಾಕುವುದು ನನ್ನ ಕೆಲಸವಾಗಿತ್ತು.

ಹಾಗಂತ ಎಲ್ಲರೂ ಮಣ್ಣಿನ ಮನೆಗೆ ವಾಪಸು ಹೋಗೋಣ ಅಂತ ನಾನು ಹೇಳುವುದಿಲ್ಲ. ಆ ಸೊಪ್ಪಿನಿಂದ ಚೇಳು ಬೀಳುತ್ತಿತ್ತು. ವರ್ಷಾ ವರ್ಷ ಮಳೆಗಾಲದ ಮುಂಚೆ ಮಣ್ಣು ಹೊತ್ತು ಹಾಕಬೇಕು, ಇವತ್ತು ಯಾರು ಹೊರುತ್ತಾರೆ? ನಮ್ಮ ಮಾವನೇ ಅದನ್ನು ಕೆಡವಿ ಆರ್‌ಸಿಸಿ ಹಾಕಿದ, ನಾನು ಬೇಡ ಅನ್ನಲಿಲ್ಲ. ಆದರೆ ಪಡುವಣ ಗೋಡೆ ದಪ್ಪ ಇರಬೇಕು, ಅದರ ಮೈ ಮೇಲೆ ನೆರಳು ಇರಬೇಕು ಅನ್ನುವ ಬುದ್ಧಿ ಆ ಮನೆಗೆ ಇತ್ತು. ಐದು ವರ್ಷ ಬೆಂಗಳೂರಲ್ಲಿ ಓದಿ ಬಂದ ನನಗೆ ಇರಲಿಲ್ಲ. ಓಲೋಟ್‌ನ ಮೂವರು ತಮ್ಮ ಅಜ್ಜಿಯ ಊರನ್ನು ಮೂವತ್ತು ವರ್ಷ ಕಣ್ಣಿಟ್ಟು ನೋಡಿದರು. ನಾನು ಅವರ ಅಜ್ಜಿಯ ಊರನ್ನು ಮೊಬೈಲಿನಲ್ಲಿ ನೋಡಿದೆ.

ಅವರ ಮರುವರ್ಷ, 2018ರಲ್ಲಿ, ಅದೇ ಪ್ರಶಸ್ತಿ ನಮ್ಮ ಬಾಲಕೃಷ್ಣ ದೋಶಿಯವರಿಗೆ ಬಂತು. ಭಾರತಕ್ಕೆ ಅದೇ ಮೊದಲು. ಪುಣೆಯಲ್ಲಿ ಹುಟ್ಟಿದವರು, ಮನೆತನದ್ದು ಪೀಠೋಪಕರಣ ಮಾಡುವ ಕೆಲಸ. ಬೆಂಗಳೂರಿಗೆ ಹೋದಾಗ ಬನ್ನೇರುಘಟ್ಟ ರಸ್ತೆಯ ಐಐಎಂ ನೋಡಿ ಬನ್ನಿ, ಅವರದೇ ಕೆಲಸ. ಬೂದು ಕಲ್ಲಿನ ಗೋಡೆ, ಬಳ್ಳಿ ಹಬ್ಬಿದ ಓಣಿಗಳು, ಬಿಸಿಲು ನೆರಳು. ಅದರ ಬಗ್ಗೆ ಇನ್ನೊಂದು ಸಂಜೆ ಮಾತಾಡೋಣ.

ನನ್ನ ಮಾತು ಮುಗೀತು. ಪ್ರಶ್ನೆ ಇದ್ದರೆ ಕೇಳಿ.

(ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಬರೆದಿದ್ದೇನೆ.)

ಡಿಪ್ಲೊಮಾ ಓದುವ ಹುಡುಗಿಯೊಬ್ಬಳು, "ಮೂರೂ ಮಂದಿ ಜಗಳ ಆಡಲ್ಲೇನ್ ಸರ?" ಅಂತ ಕೇಳಿದಳು. ಗಂಡ, ಹೆಂಡತಿ, ಒಬ್ಬ ಗೆಳೆಯ, ಮೂವತ್ತು ವರ್ಷ ಒಂದೇ ಮೇಜು. ಜಗಳ ಇಲ್ಲದೆ ಇರುತ್ತದಾ ಅಂದೆ. ಗೆದ್ದವರ ಹೆಸರು ಹೊರಗಿನ ಬೋರ್ಡಿನಲ್ಲಿ ಬರೆಯುವುದಿಲ್ಲ ಅಂತ ಮೊದಲೇ ಮಾತಾಗಿದ್ದರೆ ಜಗಳಕ್ಕೂ ಒಂದು ಮರ್ಯಾದೆ ಇರುತ್ತದೆ.

ಹಿಂದಿನ ಸಾಲಿನಿಂದ ಒಬ್ಬ ಫ್ಯಾಬ್ರಿಕೇಷನ್ ಮೇಸ್ತ್ರಿ ಎದ್ದರು. "ಆ ಉಕ್ಕಿನ್ಯಾಗ ತಾಮ್ರ ಎಷ್ಟ್ ಹಾಕ್ತಾರ್ರೀ?" ನೂರು ಕೆಜಿಗೆ ಕಾಲು ಕೆಜಿಯಿಂದ ಅರ್ಧ ಕೆಜಿ ಅಂದೆ. "ಇಷ್ಟಕ್ಕ ಅಷ್ಟ್ ಫರಕ್ ಆಗ್ತದ?" ಅಂದು, ಜೇಬಿನಿಂದ ಪೆನ್ನು ತೆಗೆದು ಅಂಗೈ ಮೇಲೆ ಬರೆದುಕೊಂಡರು.

ಮೂರನೆಯವರದು ಪ್ರಶ್ನೆಯಲ್ಲ, ಸಂಕಟ. 30-40 ಸೈಟು. ಈಶಾನ್ಯ ಮೂಲೆಯಲ್ಲಿ ದೊಡ್ಡ ಬೇವಿನ ಮರ. ವಾಸ್ತುದವರು ತೆಗೀರಿ ಅಂದಿದ್ದಾರೆ, ಮನೆಯವರಿಗೆ ಮನಸ್ಸಿಲ್ಲ. ನಾನು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಮರ ಅಳೆದುಕೊಂಡು ಬನ್ನಿ ಅಂದೆ. ಬೊಡ್ಡೆಯ ಸುತ್ತಳತೆ, ಟೊಂಗೆ ಎಲ್ಲಿಯವರೆಗೆ ಹರಡಿದೆ, ಮಧ್ಯಾಹ್ನ ಮೂರಕ್ಕೆ ನೆರಳು ಎಲ್ಲಿ ಬೀಳುತ್ತದೆ.

ಬುಧವಾರ ಬಂದರು. ಮಗಳ ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಸ್ಕೇಲು ಹಿಡಿದು ಸೈಟು ಬರೆದು, ಮರಕ್ಕೆ ಹಸಿರು ಸ್ಕೆಚ್ ಪೆನ್ನಿನ ಗುಂಡು ಹಾಕಿ, ನೆರಳಿಗೆ ಪೆನ್ಸಿಲಿನ ಗೆರೆ ಎಳೆದಿದ್ದರು. ಮುಖ ಸಪ್ಪಗಿತ್ತು. "ಮೂರ್ ಗಂಟಿಗಿ ನೆಳ್ಳೆಲ್ಲಾ ಮೂಡಣ ಕಡಿ ಪಕ್ಕದವ್ರ ಸೈಟಿಗೇ ಬೀಳ್ತದ್ರೀ ಸರ, ನಮಗೇನ್ ಉಪಯೋಗಿಲ್ಲ" ಅಂದರು. ಬೆಳಗ್ಗೆ ಒಂಬತ್ತಕ್ಕೆ ಎಲ್ಲಿ ಬೀಳುತ್ತದೆ ಅಂತ ಕೇಳಿದೆ. ಅದನ್ನು ಅಳೆದಿರಲಿಲ್ಲ. ಅದೇ ಹಾಳೆಯನ್ನು ಮಡಚಿ ಜೇಬಿಗಿಟ್ಟುಕೊಂಡು, ನಾಳೆ ಮುಂಜಾನೆ ನೋಡಿ ಫೋನ್ ಮಾಡುತ್ತೇನೆ ಅಂತ ಹೋದರು.